ಒಂದೇ ಹೆಣಿಗೆ ಕಲಿತು ಮಗುವಿಗೆ ಹೊದಿಕೆ, ಸ್ವೆಟರ್, ಕುಲಾವಿ: ಮೊದಲ ಸಲ ಕಡ್ಡಿ ಹಿಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ಮಗುವಿಗಾಗಿ ಏನಾದರೂ ಹೆಣೆಯಬೇಕೆಂದು ಹೊರಟವರು ಸಾಮಾನ್ಯವಾಗಿ ಪುಟ್ಟ ಕಾಲುಚೀಲದಿಂದ ಆರಂಭಿಸುತ್ತಾರೆ. ಚಿಕ್ಕದಾದ್ದರಿಂದ ಬೇಗ ಮುಗಿದೀತು ಎಂಬ ಲೆಕ್ಕಾಚಾರ ಅದು. ಹಿಮ್ಮಡಿ ತಿರುಗಿಸುವುದು, ಕುಣಿಕೆ ಕಡಿಮೆ ಮಾಡುವುದು, ಬೆರಳ ತುದಿಯಲ್ಲಿ ಕೂಡಿಸುವುದು ಎಂಬ ಕಷ್ಟಗಳೆಲ್ಲ ಆ ಚಿಕ್ಕ ವಸ್ತುವಿನಲ್ಲೇ ಅಡಕವಾಗಿರುವುದರಿಂದ, ಒಂದು ಕಾಲಿನದು ಮುಗಿದು ಇನ್ನೊಂದು ಕಾಲಿನದು ಅರ್ಧಕ್ಕೆ ನಿಂತಿರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಬೇರೊಂದು ಕ್ರಮವನ್ನು ಹೇಳುತ್ತಿದ್ದೇನೆ. ಗಾರ್ಟರ್ ಹೆಣಿಗೆ ಎಂದು ಕರೆಯಲಾಗುವ, ಪ್ರತಿ ಸಾಲನ್ನೂ ಒಂದೇ ರೀತಿಯಲ್ಲಿ ಹೆಣೆಯುವ ವಿಧಾನವೊಂದನ್ನು ಕೈಗೆ ಹತ್ತಿಸಿಕೊಂಡರೆ ಹೊದಿಕೆ, ಸ್ವೆಟರ್ ಮತ್ತು ಕುಲಾವಿ ಮೂರನ್ನೂ ಹೆಣೆಯಬಹುದು. ಉಲ್ಟಾ ಹೆಣಿಗೆಯನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ.

ಗಾರ್ಟರ್ ಹೆಣಿಗೆಯನ್ನು ಆರಿಸಿಕೊಂಡದ್ದು ಸುಲಭವೆಂಬ ಕಾರಣಕ್ಕೆ ಮಾತ್ರವಲ್ಲ. ಅದರ ಎರಡೂ ಬದಿ ಒಂದೇ ತೆರನಾಗಿರುತ್ತವೆ, ಅಂಚು ಸುರುಳಿಯಾಗುವುದಿಲ್ಲ, ಉದ್ದಕ್ಕೆ ಚೆನ್ನಾಗಿ ಹಿಗ್ಗುವುದರಿಂದ ಬೆಳೆಯುವ ಮಗುವಿಗೆ ಒಂದೆರಡು ತಿಂಗಳು ಹೆಚ್ಚು ಬಾಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಅದರ ಲೆಕ್ಕ ನೇರವಾಗಿದೆ. ಎರಡು ಸಾಲು ಸೇರಿ ಒಂದು ಏಣು, ಎಂದರೆ ಅಡ್ಡಕ್ಕೆ ಉಬ್ಬಿ ಕಾಣುವ ಒಂದು ಗೆರೆ, ಆಗುತ್ತದೆ, ಮತ್ತು ಒಂದು ಏಣಿನ ಎತ್ತರವು ಒಂದು ಕುಣಿಕೆಯ ಅಗಲಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಮುಂದಿನ ಅಳತೆಗಳೆಲ್ಲವೂ ಈ ಒಂದು ಗುಣದ ಮೇಲೆ ನಿಂತಿವೆ.

ದಾರವನ್ನು ಆರಿಸುವುದು

ಹಸುಗೂಸಿನ ಚರ್ಮ ತೆಳು. ಉಣ್ಣೆಯ ಎಳೆ 30 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಾಗಿದ್ದರೆ ಅದರ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು; ಮಳೆಗೂ ಚಳಿಗೂ ಅದಕ್ಕೆ ಸಾಟಿಯಿಲ್ಲ, ಆದರೆ ಆ ಒರಟು ಎಳೆಯನ್ನು ಮಗುವಿನ ಮೈಗೆ ತಾಗಿಸಬಾರದು. ಉಣ್ಣೆಯೇ ಬೇಕೆಂದರೆ 24 ಮೈಕ್ರಾನ್‌ಗಿಂತ ತೆಳುವಾದ ಎಳೆಯ ಮೆರಿನೊ ದಾರವನ್ನು ಕೊಳ್ಳಿ. ಅಂಗಡಿಯಲ್ಲಿ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಲದು, ಏಕೆಂದರೆ ಅಂಗೈ ಚರ್ಮ ದಪ್ಪ. ಕತ್ತಿನ ಪಕ್ಕಕ್ಕೋ ಮೊಣಕೈಯ ಒಳಬದಿಗೋ ಒಂದು ನಿಮಿಷ ಒತ್ತಿ ಹಿಡಿದು ನೋಡಬೇಕು. ಮೊಹೇರ್, ಅಂಗೋರಾದಂತಹ ರೋಮವುದುರುವ ದಾರಗಳು ಎಷ್ಟೇ ಮೃದುವಾಗಿದ್ದರೂ ಬೇಡ, ಏಕೆಂದರೆ ಆ ರೋಮ ಮಗುವಿನ ಬಾಯಿಗೂ ಮೂಗಿಗೂ ಹೋಗುತ್ತದೆ.

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂಬ ಹೆಸರಿನಲ್ಲಿ ಸಿಗುವುದರಲ್ಲಿ ಬಹುಪಾಲು ವಾಸ್ತವವಾಗಿ ಅಕ್ರಿಲಿಕ್. ಅದು ಅಗ್ಗ, ಮೃದು, ಒಗೆಯಲು ಸುಲಭ, ಹುಳುವೂ ತಿನ್ನುವುದಿಲ್ಲ. ಆದರೆ ಅದಕ್ಕೆ ಒಂದು ದೋಷವಿದೆ, ಮತ್ತು ನಮ್ಮ ಬಾಣಂತನದ ಪದ್ಧತಿಯಲ್ಲಿ ಆ ದೋಷ ದೊಡ್ಡದು: ಶಾಖ ತಗುಲಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆಯಾದರೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಕರಗಿ ಹನಿಯುವುದಿಲ್ಲ. ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮಗುವಿಗೆ ಹೊಗೆ ಹಿಡಿಯುವ ಮನೆಗಳಲ್ಲಿ, ಕೆಂಡದ ಬಳಿ ಇರುವಷ್ಟು ಹೊತ್ತು ಅಕ್ರಿಲಿಕ್ ಸ್ವೆಟರನ್ನೂ ಕುಲಾವಿಯನ್ನೂ ಖಂಡಿತವಾಗಿ ತೊಡಿಸಬಾರದು. ಇದನ್ನು ಉಡುಗೊರೆ ಕೊಡುವಾಗಲೇ ಬಾಯಿಬಿಟ್ಟು ಹೇಳಿ.

ಮಗು ಇರುವ ಊರನ್ನೂ ನೋಡಬೇಕು. ಮಂಗಳೂರು, ಕಾರವಾರದ ಸೆಕೆಗೂ ರಾಯಚೂರು, ಕಲಬುರಗಿಯ ಬೇಸಿಗೆಗೂ ಹತ್ತಿಯ ದಾರವೇ ಸರಿ. ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಮಳೆಗಾಲಕ್ಕೆ ಉಣ್ಣೆಯಾಗಲಿ ಅಕ್ರಿಲಿಕ್ ಆಗಲಿ ಒಗ್ಗುತ್ತದೆ. ಆದರೆ ದಪ್ಪ ಹತ್ತಿಯ ಹೆಣಿಗೆ ಆ ಮಳೆಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೊರಟವರು ಯಂತ್ರದಲ್ಲಿ ಒಗೆಯಬಹುದೆಂದು ಪಟ್ಟಿಯಲ್ಲಿ ಬರೆದಿರುವ ದಾರವನ್ನೇ ಆರಿಸಿಕೊಳ್ಳಿ. ಅಲ್ಲಿ ಬಟ್ಟೆಯನ್ನೆಲ್ಲ ಒಟ್ಟಿಗೆ ಯಂತ್ರಕ್ಕೆ ಹಾಕುವುದು ರೂಢಿ, ಮತ್ತು ಸಾಮಾನ್ಯ ಉಣ್ಣೆ ಒಂದೇ ಬಿಸಿನೀರಿನ ಒಗೆತಕ್ಕೆ ಕುಗ್ಗಿ ಗಟ್ಟಿ ಹಲಗೆಯಂತಾಗುತ್ತದೆ.

ಈ ಮಾರ್ಗದರ್ಶಿಗೆ ಬೇಕಾದದ್ದು ಡಬಲ್ ನಿಟಿಂಗ್ ಅಥವಾ ಡಿಕೆ ಎಂದು ಕರೆಯುವ ಮಧ್ಯಮ ದಪ್ಪದ ದಾರ. 100 ಗ್ರಾಂಗೆ ಸುಮಾರು 200ರಿಂದ 250 ಮೀಟರ್ ಬರುವಂಥದ್ದು. ಸ್ವೆಟರಿಗೆ 100 ಗ್ರಾಂ, 75 ಸೆಂ.ಮೀ. ಚೌಕದ ಹೊದಿಕೆಗೆ ಸುಮಾರು 300 ಗ್ರಾಂ ಬೇಕಾಗುತ್ತದೆ. ಉಂಡೆಗಳ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ ಇರುತ್ತದೆ. ಎಲ್ಲ ಉಂಡೆಗಳದೂ ಒಂದೇ ಲಾಟ್ ಆಗಿರಲಿ. ಇಲ್ಲದಿದ್ದರೆ ಅಂಗಡಿಯ ದೀಪದ ಕೆಳಗೆ ಒಂದೇ ಎಂದು ಕಂಡ ಹಳದಿ ಮನೆಯ ಅಂಗಳದಲ್ಲಿ ಎರಡು ಹಳದಿಯಾಗುತ್ತದೆ.

ಕಡ್ಡಿಯ ಸಂಖ್ಯೆಯ ಗೊಂದಲ

ನಮ್ಮಲ್ಲಿ ಕಡ್ಡಿಗಳನ್ನು ಇನ್ನೂ ಹಳೆಯ ಬ್ರಿಟಿಷ್ ಸಂಖ್ಯೆಯಲ್ಲಿ ಕೇಳುವವರಿದ್ದಾರೆ. ಇದರಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ: 8ನೇ ನಂಬರ್ ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ., 12 ಎಂದರೆ 2.75 ಮಿ.ಮೀ. ಅಮೆರಿಕದ ಸಂಖ್ಯೆ ಇದಕ್ಕೆ ತದ್ವಿರುದ್ಧವಾಗಿದ್ದು, ಅಲ್ಲಿನ 8 ಎಂದರೆ 5 ಮಿ.ಮೀ. ಅಂತರ್ಜಾಲದ ಮಾದರಿಯೊಂದನ್ನು ನಂಬಿ 8ನೇ ನಂಬರಿನ ಕಡ್ಡಿ ತಂದು, ಸ್ವೆಟರ್ ಗೊಂಬೆಗಾಗುವಷ್ಟು ಚಿಕ್ಕದಾಗಿ ಬಂದಿತೆಂದು ನೊಂದುಕೊಂಡವರ ತಪ್ಪು ಹೆಣಿಗೆಯಲ್ಲಿರಲಿಲ್ಲ, ಈ ಅಂಕಿಯಲ್ಲಿತ್ತು. ಯಾವಾಗಲೂ ಮಿಲಿಮೀಟರಿನಲ್ಲೇ ಕೇಳಿ. ನಮಗೆ ಬೇಕಾದದ್ದು 4 ಮಿ.ಮೀ. ಕಡ್ಡಿ. ಹೊದಿಕೆಗೆ 200ಕ್ಕಿಂತ ಹೆಚ್ಚು ಕುಣಿಕೆಗಳು ಒಟ್ಟಿಗೆ ಇರುವುದರಿಂದ ನೇರ ಕಡ್ಡಿ ಸಾಲದು; ನಡುವೆ ಪ್ಲಾಸ್ಟಿಕ್ ತಂತಿಯಿರುವ, 80 ಅಥವಾ 100 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿಯನ್ನು ಕೊಂಡು ಅದರಲ್ಲೇ ಎಲ್ಲವನ್ನೂ ಹಿಂದಕ್ಕೂ ಮುಂದಕ್ಕೂ ಹೆಣೆಯಬಹುದು. ಭಾರವೆಲ್ಲ ಮಡಿಲ ಮೇಲೆ ಬೀಳುವುದರಿಂದ ಮಣಿಕಟ್ಟಿಗೂ ಅದು ಹಿತ. ಇದರ ಜೊತೆಗೆ ಅಳತೆಯ ಟೇಪು, ಮೊಂಡು ಮೊನೆಯ ದಪ್ಪ ಸೂಜಿ, ಕತ್ತರಿ ಇದ್ದರೆ ಸಾಕು.

ಕೈಗೆ ಹತ್ತಿಸಿಕೊಳ್ಳುವುದು

ಕುಣಿಕೆಗಳಿರುವ ಕಡ್ಡಿ ಎಡಗೈಯಲ್ಲಿ, ಖಾಲಿ ಕಡ್ಡಿ ಬಲಗೈಯಲ್ಲಿ, ದಾರ ಹಿಂಬದಿಯಲ್ಲಿ ಇರಲಿ. ಬಲಗಡೆಯ ಕಡ್ಡಿಯ ಮೊನೆಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ದಾರವನ್ನು ಆ ಮೊನೆಗೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಒಂದು ಸುತ್ತು ಸುತ್ತಿ, ಆ ಸುತ್ತನ್ನು ಕುಣಿಕೆಯ ಮೂಲಕ ಮುಂದಕ್ಕೆ ಎಳೆದುಕೊಂಡು, ಹಳೆಯ ಕುಣಿಕೆಯನ್ನು ಎಡಗಡೆಯ ಕಡ್ಡಿಯಿಂದ ಜಾರಿಸಿ. ಹೆಣಿಗೆಯೆಂದರೆ ಇಷ್ಟೇ. ಸಾಲು ಮುಗಿದಾಗ ಕಡ್ಡಿಗಳನ್ನು ಕೈ ಬದಲಿಸಿ ಮತ್ತೆ ಇದನ್ನೇ ಮಾಡಬೇಕು.

ಮೊದಲು ಕುಣಿಕೆಗಳನ್ನು ಹಾಕಿಕೊಳ್ಳುವುದಕ್ಕೂ ಇದೇ ಚಲನೆ ಸಾಕು. ದಾರದಲ್ಲಿ ಒಂದು ಜಾರುಗಂಟು ಮಾಡಿ ಎಡಗಡೆಯ ಕಡ್ಡಿಗೆ ಏರಿಸಿ, ಅದರೊಳಗಿಂದ ಮೇಲೆ ಹೇಳಿದಂತೆ ಹೊಸ ಕುಣಿಕೆಯನ್ನು ಎಳೆದು, ಹಳೆಯದನ್ನು ಜಾರಿಸದೆ ಹೊಸದನ್ನೂ ಎಡಗಡೆಯ ಕಡ್ಡಿಗೇ ಏರಿಸಿ. ಹೀಗೆ ಬೇಕಾದಷ್ಟು ಕುಣಿಕೆ ಹಾಕಿ. ಕೊನೆಯಲ್ಲಿ ಮುಚ್ಚುವಾಗ ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಟ್ಟು, ಇನ್ನೊಂದು ಹೆಣೆದು ಮತ್ತೆ ದಾಟಿಸುತ್ತ ಹೋಗಬೇಕು. ಮುಚ್ಚುವ ಸಾಲನ್ನು ಸಡಿಲವಾಗಿ ಬಿಡಿ. ಬಿಗಿಯಾದರೆ ಅಂಚು ಚೀಲದ ಬಾಯಂತೆ ಸೆಳೆದುಕೊಳ್ಳುತ್ತದೆ.

ಹೊಸಬರ ಹೆಣಿಗೆ ಸಾಲಿನಿಂದ ಸಾಲಿಗೆ ಅಗಲವಾಗುತ್ತ ಹೋಗುವುದಕ್ಕೆ ಹೆಚ್ಚಾಗಿ ಒಂದೇ ಕಾರಣವಿರುತ್ತದೆ. ಸಾಲಿನ ಆರಂಭದಲ್ಲಿ ದಾರವು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆಯ ಎರಡು ಕಾಲೂ ಮೇಲೆದ್ದು ಎರಡು ಕುಣಿಕೆಗಳಂತೆ ಕಾಣುತ್ತವೆ, ಮತ್ತು ನಾವು ಎರಡನ್ನೂ ಹೆಣೆದುಬಿಡುತ್ತೇವೆ. ಸಾಲು ತಿರುಗಿಸಿದಾಗ ದಾರವನ್ನು ಕೆಳಕ್ಕೆ ಎಳೆದು, ಕಡ್ಡಿಯ ಅಡಿಯಿಂದ ಹಿಂದಕ್ಕೆ ಒಯ್ಯಿರಿ. ಮೊದಲ ವಾರ ಪ್ರತಿ ಸಾಲಿನ ಕೊನೆಗೂ ಎಣಿಸಿ.

ಮಾದರಿ ತುಂಡು

24 ಕುಣಿಕೆ ಹಾಕಿ 48 ಸಾಲು ಹೆಣೆದು ಮುಚ್ಚಿ. ಅದನ್ನು ಒಗೆದು, ಹಾಸಿ ಒಣಗಿಸಿದ ಮೇಲೆ ನಡುವಿನ 10 ಸೆಂ.ಮೀ.ಗಳಲ್ಲಿ ಎಷ್ಟು ಕುಣಿಕೆ, ಎಷ್ಟು ಏಣು ಇವೆಯೆಂದು ಎಣಿಸಿ. ಎರಡೂ 20 ಬಂದರೆ ನಿಮ್ಮ ಕೈ ಈ ಅಳತೆಗೆ ಸರಿಹೊಂದಿದೆ: 1 ಸೆಂ.ಮೀ. ಎಂದರೆ 2 ಕುಣಿಕೆ, 2 ಏಣು. 22 ಬಂದರೆ ಕೈ ಬಿಗಿ, 4.5 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ, 18 ಬಂದರೆ ಕೈ ಸಡಿಲ, 3.5 ಮಿ.ಮೀ. ಹಿಡಿಯಿರಿ. ಈ ಹಂತವನ್ನು ದಾಟಿಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಎರಡೇ ಕುಣಿಕೆಯ ವ್ಯತ್ಯಾಸವಿದ್ದರೂ 50 ಸೆಂ.ಮೀ. ಸುತ್ತಳತೆ ಬರಬೇಕಾದ ಸ್ವೆಟರ್ 45 ಸೆಂ.ಮೀ.ಗೆ ಇಳಿಯುತ್ತದೆ, ಎಂದರೆ ಆರು ತಿಂಗಳ ಮಗುವಿಗೆಂದು ಹೆಣೆದದ್ದು ಮೂರು ತಿಂಗಳ ಮಗುವಿಗೂ ಬಿಗಿಯಾದೀತು. ಹೊದಿಕೆಗೆ ಮಾತ್ರ ಈ ಲೆಕ್ಕ ಅಷ್ಟು ಮುಖ್ಯವಲ್ಲ.

ಹೊದಿಕೆ: ಮೂಲೆಯಿಂದ ಮೂಲೆಗೆ

ಹೊದಿಕೆಯನ್ನು ಮೊದಲು ಹೆಣೆಯಿರಿ ಎನ್ನುವುದು ನನ್ನ ಸಲಹೆ, ಏಕೆಂದರೆ 75 ಸೆಂ.ಮೀ. ಚೌಕದಲ್ಲಿ ಸುಮಾರು 45,000 ಕುಣಿಕೆಗಳಿದ್ದು, ಅವು ಮುಗಿಯುವ ಹೊತ್ತಿಗೆ ನಿಮ್ಮ ಕೈ ಸಮವಾಗಿರುತ್ತದೆ. ನೇರವಾಗಿ 150 ಕುಣಿಕೆ ಹಾಕಿ ಆರಂಭಿಸುವುದರ ಬದಲು ಒಂದು ಮೂಲೆಯಿಂದ ಹೊರಡುವುದು ಮೇಲು. ದಾರ ಸಾಲದೆ ಹೋಗುವ ಭಯ ಇದರಲ್ಲಿಲ್ಲ.

4 ಕುಣಿಕೆ ಹಾಕಿ ಒಂದು ಸಾಲು ಹೆಣೆಯಿರಿ. ಅಲ್ಲಿಂದ ಮುಂದೆ ಪ್ರತಿ ಸಾಲಿನಲ್ಲೂ ಮೊದಲ ಎರಡು ಕುಣಿಕೆ ಹೆಣೆದು, ಮೂರನೆಯ ಕುಣಿಕೆಯಲ್ಲಿ ಎರಡು ಸಲ ಹೆಣೆಯಿರಿ: ಮೊದಲು ಅದರ ಮುಂದಿನ ಕಾಲಿನಿಂದ ಹೆಣೆದು, ಜಾರಿಸದೆ, ಹಿಂದಿನ ಕಾಲಿನಿಂದ ಇನ್ನೊಮ್ಮೆ ಹೆಣೆದು, ಬಳಿಕ ಜಾರಿಸಿ. ಉಳಿದುದನ್ನು ಸಾಲಿನ ಕೊನೆಯವರೆಗೆ ಸಾದಾ ಹೆಣೆಯಿರಿ. ಸಾಲಿಗೊಂದರಂತೆ ಕುಣಿಕೆ ಹೆಚ್ಚುತ್ತ ಒಂದು ತ್ರಿಕೋನ ಬೆಳೆಯುತ್ತದೆ. ಗಾರ್ಟರ್ ಹೆಣಿಗೆಯಲ್ಲಿ ಏಣು ಮತ್ತು ಕುಣಿಕೆ ಸಮವಾಗಿರುವುದರಿಂದ ಆ ಮೂಲೆ ತಾನಾಗಿಯೇ ಲಂಬಕೋನವಾಗಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಇದೇ ಹೊದಿಕೆಯ ಅಂಚಿಗೆ ದಾರ ಸುತ್ತಿ ತೂತಿನ ಸಾಲೊಂದನ್ನು ಬಿಡುತ್ತಾರೆ. ನೋಡಲು ಅದು ಚೆಂದ, ಆದರೆ ಹಸುಗೂಸಿನ ಬೆರಳು ಅಂತಹ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಾನು ತೂತಿಲ್ಲದ ವಿಧಾನವನ್ನೇ ಹೇಳಿದ್ದೇನೆ.

ಎಲ್ಲಿಯವರೆಗೆ ಹೆಚ್ಚಿಸಬೇಕು? ಅಡಿಗೆಮನೆಯ ತಕ್ಕಡಿ ಇದಕ್ಕೆ ಉತ್ತರ ಹೇಳುತ್ತದೆ. ಆರಂಭದಲ್ಲೇ ಒಟ್ಟು ದಾರವನ್ನು ತೂಗಿ ಬರೆದಿಟ್ಟುಕೊಳ್ಳಿ. 300 ಗ್ರಾಂ ಇದ್ದರೆ, 145 ಗ್ರಾಂ ಬಳಸಿದಾಗ, ಎಂದರೆ 155 ಗ್ರಾಂ ಉಳಿದಾಗ, ಹೆಚ್ಚಿಸುವುದನ್ನು ನಿಲ್ಲಿಸಿ. ಆಗ ಕಡ್ಡಿಯ ಮೇಲಿರುವ ಸಾಲೇ ಹೊದಿಕೆಯ ಕರ್ಣ, 75 ಸೆಂ.ಮೀ. ಚೌಕಕ್ಕೆ ಅದು 106 ಸೆಂ.ಮೀ., ಸುಮಾರು 212 ಕುಣಿಕೆ. ಇಲ್ಲಿಂದ ಪ್ರತಿ ಸಾಲಿನಲ್ಲೂ ಒಂದು ಕುಣಿಕೆ ಹೆಣೆದು, ಮುಂದಿನ ಎರಡನ್ನು ಒಟ್ಟಿಗೆ ಒಂದಾಗಿ ಹೆಣೆದು, ಉಳಿದುದನ್ನು ಸಾದಾ ಮುಗಿಸಿ. 4 ಕುಣಿಕೆ ಉಳಿದಾಗ ಮುಚ್ಚಿ. ಹೊಸ ಉಂಡೆಯನ್ನು ಯಾವಾಗಲೂ ಅಂಚಿನಲ್ಲೇ ಸೇರಿಸಿ, ಗಂಟು ಹಾಕಬೇಡಿ. ಮಗು ಮಲಗಿದಾಗ ಆ ಗಂಟು ಬೆನ್ನಿಗೆ ಒತ್ತುತ್ತದೆ.

ಈ ಹೊದಿಕೆ ಮಗುವನ್ನು ಎತ್ತಿಕೊಂಡಾಗ ಸುತ್ತುವುದಕ್ಕೆ, ನೆಲದ ಮೇಲೆ ಆಡಲು ಬಿಟ್ಟಾಗ ಹಾಸುವುದಕ್ಕೆ, ಗಾಡಿಯಲ್ಲಿ ಕಾಲ ಮೇಲೆ ಹೊದಿಸುವುದಕ್ಕೆ. ಒಂದು ವರ್ಷ ತುಂಬದ ಮಗು ಒಂಟಿಯಾಗಿ ಮಲಗಿರುವಾಗ ತೊಟ್ಟಿಲಲ್ಲಿ ಸಡಿಲ ಹೊದಿಕೆ ಇರಬಾರದೆಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸ್ಪಷ್ಟವಾಗಿ ಹೇಳುತ್ತದೆ, ಏಕೆಂದರೆ ಅದು ಮುಖದ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಆ ಕೈಗಳಿಗೆ ಇರುವುದಿಲ್ಲ. ಇಷ್ಟು ದಿನ ಕೂತು ಹೆಣೆದದ್ದನ್ನು ತೊಟ್ಟಿಲಿಗೆ ಹಾಕಬೇಡಿ ಎನ್ನುವುದು ಮನಸ್ಸಿಗೆ ಕಷ್ಟವಾದರೂ ಹೇಳಲೇಬೇಕಾದ ಮಾತು.

ಸ್ವೆಟರ್: ಒಂದೇ ತುಂಡಿನಲ್ಲಿ

ಹುಟ್ಟುವ ಮಗುವಿಗೆಂದೇ ನಾನು ಹೆಣೆದ ಮೊದಲ ಸ್ವೆಟರ್ ನಾಮಕರಣದ ಹೊತ್ತಿಗಾಗಲೇ ಬಿಗಿಯಾಗಿತ್ತು. ಅಂದಿನಿಂದ ಮೂರರಿಂದ ಆರು ತಿಂಗಳ ಅಳತೆಗಿಂತ ಚಿಕ್ಕದನ್ನು ನಾನು ಹೆಣೆದಿಲ್ಲ. ಹೆರಿಗೆಯ ತಿಂಗಳಿಗೆ ನಾಲ್ಕನ್ನು ಕೂಡಿಸಿ, ಆಗ ಯಾವ ಕಾಲವಿರುತ್ತದೆ ಎಂದು ನೋಡಿ: ಮಾರ್ಚಿಯಲ್ಲಿ ಹುಟ್ಟುವ ಮಗುವಿಗೆ ಆಗ ಮಳೆಗಾಲ, ಡಿಸೆಂಬರಿನಲ್ಲಿ ಹುಟ್ಟುವ ಮಗುವಿಗೆ ಬಿರುಬೇಸಿಗೆ. ಎರಡನೆಯದಾದರೆ ಹತ್ತಿಯ ದಾರ ಹಿಡಿಯಿರಿ, ಇಲ್ಲವೇ ಮುಂದಿನ ಚಳಿಗಾಲಕ್ಕಾಗುವಂತೆ ಒಂದು ವರ್ಷದ ಅಳತೆಗೆ ಹೋಗಿ.

ಆರು ತಿಂಗಳ ಮಗುವಿನ ಎದೆಯ ಸುತ್ತಳತೆ ಸುಮಾರು 43 ಸೆಂ.ಮೀ. ಇರುತ್ತದೆ, ಒಳಗಿನ ಅಂಗಿಗೂ ಉಸಿರಾಟಕ್ಕೂ 7 ಸೆಂ.ಮೀ. ಸೇರಿಸಿ 50 ಎಂದಿಟ್ಟುಕೊಳ್ಳೋಣ. ಬೆನ್ನು ಅದರ ಅರ್ಧ, 25 ಸೆಂ.ಮೀ. ಆದ್ದರಿಂದ 50 ಕುಣಿಕೆ ಹಾಕಿ 28 ಏಣು ಹೆಣೆಯಿರಿ. ಇದು ಕಂಕುಳವರೆಗಿನ 14 ಸೆಂ.ಮೀ. ಈಗ ತೋಳುಗಳಿಗಾಗಿ ಮುಂದಿನ ಎರಡು ಸಾಲುಗಳ ಆರಂಭದಲ್ಲಿ ತಲಾ 26 ಕುಣಿಕೆ ಹೊಸದಾಗಿ ಹಾಕಿ. ಒಟ್ಟು 102 ಕುಣಿಕೆಗಳ ಮೇಲೆ 20 ಏಣು ಹೆಣೆದರೆ ಭುಜ ತಲುಪುತ್ತೀರಿ.

ಮುಂದಿನ ಸಾಲಿನಲ್ಲಿ 40 ಕುಣಿಕೆ ಹೆಣೆದು, ನಡುವಿನ 22ನ್ನು ಕೊರಳಿಗಾಗಿ ಮುಚ್ಚಿ, ಉಳಿದ 40ನ್ನು ಹೆಣೆಯಿರಿ. ಮೊದಲ 40ನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿಟ್ಟು, ಎರಡನೆಯ 40ರ ಮೇಲೆ ಮಾತ್ರ ಮುಂದುವರಿಯಿರಿ. ಈ ಸಾಲೂ ಸೇರಿ 4 ಏಣು ಆದಾಗ ದಾರ ಕೊರಳಿನ ಅಂಚಿನಲ್ಲಿರುತ್ತದೆ. ಅಲ್ಲಿ 15 ಕುಣಿಕೆ ಹೊಸದಾಗಿ ಹಾಕಿ. ಇದು ಕೊರಳಿನ ಅಗಲದ ಅರ್ಧ ಮತ್ತು ಒಂದರ ಮೇಲೊಂದು ಬರುವ ಮಡಿಕೆ. 55 ಕುಣಿಕೆಗಳ ಮೇಲೆ 16 ಏಣು ಹೆಣೆಯಬೇಕು. ಹದಿನಾರನೆಯ ಏಣಿನ ಎರಡನೆಯ ಸಾಲು ತೋಳಿನ ತುದಿಯಿಂದ ಹೊರಡುತ್ತದೆ. ಆ ಸಾಲಿನ ಆರಂಭದಲ್ಲೇ 26 ಕುಣಿಕೆ ಮುಚ್ಚಿ ತೋಳನ್ನು ಮುಗಿಸಿ. ಉಳಿದ 29ರ ಮೇಲೆ 28 ಏಣು ಹೆಣೆದು ಮುಚ್ಚಿದರೆ ಒಂದು ಎದೆಭಾಗ ಮುಗಿಯಿತು.

ಪೋಣಿಸಿಟ್ಟ 40 ಕುಣಿಕೆಗಳಿಗೆ ಕೊರಳಿನ ಕಡೆಯಿಂದ ದಾರ ಸೇರಿಸಿ ಇನ್ನೊಂದು ಬದಿಯನ್ನೂ ಹೀಗೆಯೇ ಹೆಣೆಯಿರಿ. ಈ ಕಡೆ ದಾರ ಕೊರಳಿನ ಅಂಚಿಗೆ ಬರುವಾಗ ಒಂದು ಸಾಲು ಹೆಚ್ಚಾಗುತ್ತದೆ, ತೊಟ್ಟಾಗ ಅದು ತಿಳಿಯುವುದಿಲ್ಲ. ಗುಂಡಿಯ ಕಾಜಾಗಳು ಇದೇ ಬದಿಯಲ್ಲಿರಲಿ: 15 ಕುಣಿಕೆ ಹಾಕಿದ ಮೇಲಿನ 3, 13 ಮತ್ತು 23ನೇ ಏಣುಗಳಲ್ಲಿ, ಎದೆಯ ಅಂಚಿನಿಂದ ಎರಡು ಕುಣಿಕೆ ಹೆಣೆದು, ಕಡ್ಡಿಗೆ ದಾರವನ್ನು ಒಂದು ಸುತ್ತು ಹಾಕಿ, ಮುಂದಿನ ಎರಡನ್ನು ಒಟ್ಟಿಗೆ ಹೆಣೆಯಿರಿ. ಕೊನೆಗೆ ಭುಜದಲ್ಲಿ ಮಡಿಸಿ, ತೋಳಿನ ಅಡಿಯನ್ನೂ ಪಕ್ಕಗಳನ್ನೂ ಅದೇ ದಾರದಿಂದ ಹೊಲಿಯಿರಿ. ಒಟ್ಟು ಸುಮಾರು 14,000 ಕುಣಿಕೆಗಳ ಕೆಲಸ. ನಿಮಿಷಕ್ಕೆ 20ರಂತೆ ಹೆಣೆದರೂ ದಿನಕ್ಕೊಂದು ಗಂಟೆಯಲ್ಲಿ ಎರಡು ವಾರದೊಳಗೆ ಮುಗಿಯುತ್ತದೆ.

ಗುಂಡಿ ಚಪ್ಪಟೆಯಾಗಿರಲಿ, ಗಟ್ಟಿ ನೂಲಿನಿಂದ ಹೊಲಿದು ಬಲವಾಗಿ ಎಳೆದು ನೋಡಿ. ಕೊರಳಿಗೆ ಕಟ್ಟುವ ದಾರ, ರಿಬ್ಬನ್, ಜೋಲಾಡುವ ಉಲ್ಲನ್ ಚೆಂಡು, ಮಣಿ ಯಾವುದೂ ಬೇಡ. ಒಳಬದಿಯ ಎಳೆಗಳನ್ನು ಸೂಜಿಯಿಂದ 6–8 ಸೆಂ.ಮೀ.ವರೆಗೆ ಹಿಂದಕ್ಕೂ ಮುಂದಕ್ಕೂ ಸೇರಿಸಿಬಿಡಿ. ಕಾಲುಚೀಲದಲ್ಲಾಗಲಿ ತೋಳಿನಲ್ಲಾಗಲಿ ಉಳಿದ ಸಡಿಲ ಎಳೆಯೊಂದು ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಸಂಚಾರವನ್ನೇ ತಡೆಯಬಹುದು. ಕಾರಣ ತಿಳಿಯದೆ ಒಂದೇ ಸಮನೆ ಅಳುವ ಮಗುವಿನ ಕೈಕಾಲ ಬೆರಳುಗಳನ್ನು ನೋಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಕುಲಾವಿ

ಕುಲಾವಿಯನ್ನೂ ಇದೇ ದಾರದಲ್ಲಿ ಹೆಣೆಯಬಹುದು. 36ರಿಂದ 40 ಸೆಂ.ಮೀ. ಸುತ್ತಳತೆಯ ತಲೆಗೆ 74 ಕುಣಿಕೆ ಹಾಕಿ 18 ಏಣು ಹೆಣೆಯಿರಿ. ನಂತರದ ಸಾಲಿನಲ್ಲಿ ಒಂದು ಕುಣಿಕೆ ಹೆಣೆದು, ‘7 ಹೆಣೆದು 2ನ್ನು ಒಟ್ಟಿಗೆ’ ಎಂಬುದನ್ನು ಎಂಟು ಸಲ ಮಾಡಿ, ಕೊನೆಯದನ್ನು ಹೆಣೆಯಿರಿ. ಬಳಿಕ ಮೂರು ಸಾದಾ ಸಾಲು. ಮುಂದೆ 7ರ ಬದಲು 6, 5, 4 ಎಂದು ಇಳಿಸುತ್ತ ಇದನ್ನೇ ಮುಂದುವರಿಸಿ. 3ಕ್ಕೆ ಬಂದ ಮೇಲೆ ನಡುವೆ ಒಂದೇ ಸಾದಾ ಸಾಲು ಸಾಕು. 10 ಕುಣಿಕೆ ಉಳಿದಾಗ ದಾರ ಕತ್ತರಿಸಿ, ಸೂಜಿಯಿಂದ ಅವುಗಳೊಳಗೆ ತೂರಿಸಿ ಬಿಗಿದು, ಹಿಂಬದಿಯನ್ನು ಹೊಲಿಯಿರಿ. ಗಲ್ಲದ ಕೆಳಗೆ ಕಟ್ಟುವ ಲಾಡಿ ಬೇಡ. ಮಗು ಮೈಯ ಶಾಖವನ್ನು ತಲೆಯಿಂದ ಬಹಳವಾಗಿ ಹೊರಬಿಡುವುದರಿಂದ ಹೊರಗೆ ಹೋಗುವಾಗ ಕುಲಾವಿ ಒಳ್ಳೆಯದು. ಮನೆಯೊಳಗೆ ಬೆಚ್ಚಗೆ ಮಲಗಿಸಿದಾಗ ತೆಗೆದಿಡಿ. ಕತ್ತಿನ ಹಿಂಬದಿ ಮುಟ್ಟಿದಾಗ ಬೆವರಿದ್ದರೆ ಹೊದಿಸಿದ್ದು ಹೆಚ್ಚಾಗಿದೆ ಎಂದು ತಿಳಿಯಿರಿ.

ಒಗೆದು ಇಡುವುದು

ಕೊಡುವ ಮೊದಲು ಒಮ್ಮೆ ಒಗೆಯಿರಿ. ಉಣ್ಣೆಗೆ ಅಂಟುವಾಳದ ನೊರೆ ಇಂದಿಗೂ ಒಳ್ಳೆಯದು: ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಉಜ್ಜದೆ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಗಾರ್ಟರ್ ಹೆಣಿಗೆ ಉದ್ದಕ್ಕೆ ಜಗ್ಗುತ್ತದೆ. ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸಬೇಡಿ.

ಉಣ್ಣೆಯನ್ನು ಎತ್ತಿಡುವಾಗ ಬೀರುವಿನಲ್ಲಿ ನುಸಿಗುಳಿಗೆ ಹಾಕುವುದು ನಮ್ಮ ಹಳೆಯ ಅಭ್ಯಾಸ. ಮಗುವಿನ ಬಟ್ಟೆಯ ಹತ್ತಿರ ಅದನ್ನು ಬಿಡಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಗೆ ಕಾರಣವಾಗುತ್ತದೆ, ಮತ್ತು ಆ ಕೊರತೆ ಇದೆಯೆಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಮುಚ್ಚಿಟ್ಟರೆ ಹುಳು ಬರುವುದಿಲ್ಲ.

ಕೊಡುವಾಗ ಉಂಡೆಯ ಪಟ್ಟಿಯನ್ನೂ ಐದಾರು ಮೀಟರ್ ಉಳಿಕೆ ದಾರವನ್ನೂ ಒಂದು ಚಿಕ್ಕ ಲಕೋಟೆಯಲ್ಲಿ ಹಾಕಿ ಜೊತೆಗಿಡಿ. ಮಗು ಅಂಬೆಗಾಲಿಡಲು ಆರಂಭಿಸಿದಾಗ ಹೊದಿಕೆಯ ಅಂಚು ಎಲ್ಲಿಗಾದರೂ ಸಿಕ್ಕಿ ಕೀಳುತ್ತದೆ, ಆಗ ಅದೇ ದಾರದಿಂದ ಸರಿಪಡಿಸಬಹುದು.